ಸೊರಬದಿಂದ ವಾಪಸ್ ಬಂದ ಫೋಟೊ

ಶಿಕಾರಿಪುರದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪಕ್ಕದ ಜೆರಾಕ್ಸ್ ಅಂಗಡಿಯವನೂ ನಾನೂ ಸೇರಿ ಒಂದು ಕಂಪ್ಯೂಟರ್ ತಂದೆವು. ಬೆಳಿಗ್ಗೆ ನನಗೆ, ಮಧ್ಯಾಹ್ನದ ಮೇಲೆ ಅವನಿಗೆ; ಒಳಹೋಗಲು ಇಬ್ಬರಿಗೂ ಬೇರೆ ಬೇರೆ ಹೆಸರು. ಗಂಡಿನ ಕಡೆಯವರಿಗೆ ಕಳಿಸಲೆಂದು ತೆಗೆಸಿದ ಹುಡುಗಿಯರ ಫೋಟೊಗಳನ್ನು ಸ್ಕ್ಯಾನ್ ಮಾಡಿ ಡಿ ಡ್ರೈವಿನಲ್ಲಿ ಇಡುತ್ತಿದ್ದೆ. ಅವನ ಗೆಳೆಯರು ಊಟ ಮುಗಿಸಿ ಬಂದು ಅದನ್ನೇ ತೆರೆದು ಕೂರುತ್ತಾರೆಂದು ಗೊತ್ತಾದಾಗ ಮೈಯೆಲ್ಲ ಉರಿಯಿತು.

ಜಗಳಕ್ಕೆ ಹೋಗುವ ಬದಲು ಡ್ರೈವನ್ನೇ ಕಾಣದ ಹಾಗೆ ಮಾಡಬಹುದೇ ಎಂಬ ಹುಳ ತಲೆಗೆ ಹೊಕ್ಕಿತು. ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದವರೊಬ್ಬರು ಫೋನಿನಲ್ಲೇ ಹೇಳಿಕೊಟ್ಟರು. ಪಕ್ಕದವನ ಹೆಸರಿನಲ್ಲಿ ಕಂಪ್ಯೂಟರಿನೊಳಗೆ ಹೋಗಿ, ಅದರ ಒಳಗಿನ ಸೆಟ್ಟಿಂಗುಗಳೆಲ್ಲ ಇರುವ ರಿಜಿಸ್ಟ್ರಿ ಎಂಬಲ್ಲಿ, ಯಾವ ಡ್ರೈವ್ ಮರೆಮಾಡಬೇಕೆಂದು ಹೇಳುವ ಜಾಗದಲ್ಲಿ ಎಂಟು ಎಂದು ಬರೆದು, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಾಕಿದೆ. ಡಿ ಮಾಯ. ನನ್ನ ಹೆಸರಿನಲ್ಲಿ ಬಂದರೆ ಮತ್ತೆ ಹಾಜರು. ಆದರೆ ಎಂಟೇ ಯಾಕೆ? ಡಿ ನಾಲ್ಕನೆಯ ಅಕ್ಷರವಲ್ಲವೇ? ಎ ಒಂದು, ಬಿ ಎರಡು, ಸಿ ನಾಲ್ಕು, ಡಿ ಎಂಟು, ಹೀಗೆ ಇಮ್ಮಡಿಯಾಗುತ್ತ ಹೋಗುತ್ತದೆಂದು ಹೊಳೆದ ದಿನ ಎದುರಿಗಿದ್ದ ಗಿರಾಕಿಯನ್ನೂ ಮರೆತು ಕೂತಿದ್ದೆ.

ಅದೇ ವಾರ ತೊಗರ್ಸಿಯ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಸೊರಬದ ಸಂಬಂಧ ಕೂಡಿಬಂದಿರಲಿಲ್ಲ. ಕೂಡದಿದ್ದರೆ ಫೋಟೊ ವಾಪಸ್ ಕಳಿಸುವುದು ನಮ್ಮ ಕಡೆಯ ವಾಡಿಕೆ. ನೆಗೆಟಿವ್ ಅವರು ಮೊದಲೇ ಒಯ್ದಿದ್ದರು.

“ಫೋಟೊ ವಾಪಸ್ ಬಂತ್ರಿ. ಇದ್ರಾಗಿಂದು?” ಎಂದು ಹುಡುಗಿ ಮಾನಿಟರ್ ಕಡೆ ಕೈ ತೋರಿಸಿದಳು.

ಜೆರಾಕ್ಸ್ ಅಂಗಡಿಯ ಆ ಗೆಳೆಯರು ಬಸ್ ಸ್ಟ್ಯಾಂಡಿನಲ್ಲಿ, ಕಂಪ್ಯೂಟರಿನಲ್ಲಿ ನೋಡಿದ ಮುಖವೆಂದು ಅವಳ ಗುರುತು ಹಿಡಿದು ಚುಡಾಯಿಸಿದ್ದರಂತೆ. ಈ ಸುದ್ದಿ ಹಬ್ಬಿದರೆ ಮುಂದೆ ಬರುವ ಸಂಬಂಧವೂ ತಪ್ಪೀತೆಂದು ತಾಯಿಗೆ ದಿಗಿಲು. ನನಗೋ ನನ್ನ ವಿದ್ಯೆ ತೋರಿಸುವ ಉತ್ಸಾಹ. ಪಕ್ಕದವನ ಹೆಸರಿನಲ್ಲಿ ಒಳಹೋಗಿ, ಡಿ ಕಾಣದಿರುವುದನ್ನು ತೋರಿಸಿದೆ.

“ನೋಡಮ್ಮ, ಇನ್ನು ಯಾರಿಗೂ ಕಾಣಲ್ಲ.”

“ನಿಮಗ?”

“ನನಗೆ ಕಾಣ್ತೈತಿ. ನಂದೇ ಡ್ರೈವು.”

“ಡ್ರೈವು ನಿಮ್ದು. ಮುಖ ನಂದ್ರಿ.”

ಏನೇನೋ ಕೆದಕಿ ನೋಡಿದ ನನಗೆ ‘ನಿಮಗ?’ ಎಂಬ ಈ ಪ್ರಶ್ನೆಯೊಂದು ಹೊಳೆದಿರಲಿಲ್ಲ. ನಾಚಿಕೆಯಾಯಿತು. ನನ್ನ ಹೆಸರಿನಲ್ಲಿ ಡ್ರೈವ್ ತೆರೆದು, ಕುರ್ಚಿ ಬಿಟ್ಟುಕೊಟ್ಟೆ. ತನ್ನ ಫೋಟೊ ಅಳಿಸಲು ಯಾವ ಬಟನ್ ಎಂದು ಕೇಳಿ ತಾನೇ ಒತ್ತಿದಳು. ಅಳಿಸಿದ್ದು ರಿಸೈಕಲ್ ಬಿನ್ನಿಗೆ ಹೋಗಿ ಕೂರುತ್ತದೆಂದು ಹೇಳಿದಾಗ ಅದನ್ನೂ ಖಾಲಿ ಮಾಡಿದಳು. ತಾಯಿ ಬಸ್ಸಿಗೆ ಹೊತ್ತಾಯಿತೆಂದು ಕರೆದರೂ ಅವಳು ಏಳಲಿಲ್ಲ. ನನ್ನಿಂದಲೇ ಇಡೀ ಡ್ರೈವ್ ಹುಡುಕಿಸಿ, ನನಗೂ ಅವಳ ಮುಖ ಸಿಗಲಿಲ್ಲವೆಂದು ಖಾತ್ರಿಯಾದ ಮೇಲೆ ಎದ್ದಳು.