ಒಸಡಿನ ಬಣ್ಣದ ಸ್ಟೇಷನ್ನು

ನಮ್ಮ ಭಾವ ಹಲ್ಲುಸೆಟ್ಟು ಮಾಡುವವರು. ದಂತವೈದ್ಯರಲ್ಲ. ವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಭಾವ ಅದರಿಂದ ಪ್ಲಾಸ್ಟರಿನ ದವಡೆ ಮಾಡಿಕೊಂಡು, ಆ ದವಡೆಗೆ ಕೂರುವ ಹಲ್ಲುಗಳನ್ನು ಕಟ್ಟಿ ಕೊಡುತ್ತಾರೆ. ಊರಿನಲ್ಲಿ ಎಷ್ಟೋ ಜನ ಭಾವ ಮಾಡಿದ ಹಲ್ಲಿನಲ್ಲಿ ನಗುತ್ತಾರೆ. ಅವರಲ್ಲಿ ಒಬ್ಬರೂ ಭಾವನ ಮುಖ ನೋಡಿಲ್ಲ. ಅದಕ್ಕೆ ಭಾವನಿಗೆ ಬೇಸರವೇನೂ ಇಲ್ಲ. “ನೋಡಿದ್ರೆ ದೂರು ಹೇಳ್ತಾರೆ” ಎನ್ನುತ್ತಾರೆ.

ತಯಾರಾದ ಹಲ್ಲುಗಳನ್ನು ಕ್ಲಿನಿಕ್ಕುಗಳಿಗೆ ತಲುಪಿಸುವುದು, ದುಡ್ಡು ವಸೂಲಿ ಮಾಡುವುದು ಅಕ್ಕನ ಕೆಲಸ. ಅಕ್ಕನ ಕೈಚೀಲದಲ್ಲಿ ಯಾವಾಗಲೂ ಮೂರು ನಾಲ್ಕು ಜನರ ಬಾಯಿ ಇರುತ್ತದೆ.

ಮನೆ ಎರಡನೇ ಮಹಡಿಯಲ್ಲಿ. ಬೀದಿ ಕಡೆಯ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಪಾಲಿಶ್ ಯಂತ್ರ, ಪಕ್ಕದಲ್ಲಿ ಅಕ್ರಿಲಿಕ್ ಬೇಯಿಸುವ ಪಾತ್ರೆ. ಗೋಡೆಯ ಹಲಗೆಗಳ ಮೇಲೆ ಹಳದಿ ದವಡೆಗಳ ಸಾಲು, ಒಂದೊಂದಕ್ಕೂ ಪೆನ್ಸಿಲ್ಲಿನಲ್ಲಿ ಬರೆದ ನಂಬರು. ಈ ದವಡೆಗಳಿಗಿಂತ ಒಂದು ಗೇಣು ಕೆಳಗೆ ನಾಲ್ಕೂ ಗೋಡೆಗಳನ್ನು ಸುತ್ತಿ, ಬೀರುವಿನ ಬೆನ್ನಿಗೆ ಕೊರೆದ ತೂತಿನಲ್ಲಿ ನುಗ್ಗಿ, ಸಿಂಕಿನ ನಲ್ಲಿಯ ಹಿಂದಿನಿಂದ ಹಾದು, ಮತ್ತೆ ಕಿಟಕಿಗೆ ಬಂದು ಸೇರುವುದೇ ಭಾವನ ರೈಲುದಾರಿ.

ಮಾದರಿ ರೈಲು ಕೈಯಲ್ಲಿ ಕಾಸು ಆಡುವವರ ಹವ್ಯಾಸ. ಭಾವ ಎಲ್ಲ ಬೆಲೆಯನ್ನೂ ಹಲ್ಲುಸೆಟ್ಟಿನಲ್ಲೇ ಹೇಳುವುದು. ಒಂದು ಸೆಟ್ಟು ಎಂದರೆ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಸೇರಿ. ಮನೆಯ ಫ್ರಿಜ್ಜು ಹದಿನಾಲ್ಕು ಸೆಟ್ಟು. ಅಂಗಡಿಯ ರೈಲುಹಳಿ ಮೊಳಕ್ಕೆ ಅರ್ಧ ಸೆಟ್ಟು, ಅಂದರೆ ಮೇಲಿನ ಹಲ್ಲು ಮಾತ್ರ. ಒಂದು ಬೋಗಿ ಎರಡು ಸೆಟ್ಟು. ಎಂಜಿನ್ನು ಒಂಬತ್ತು.

ಆದರೆ ಆ ಮನೆಯಲ್ಲಿ ಒಂಬತ್ತು ಎಂದರೆ ಹದಿನೆಂಟು. ಕಾರಣ, ಅಕ್ಕನ ಕಾನೂನು. ಮದುವೆಯಾದ ಹೊಸತರಲ್ಲಿ ಭಾವ ಯಾರಿಗೂ ಹೇಳದೆ ಒಂದು ದುರ್ಬೀನು ಕೊಂಡು ತಂದಿದ್ದರು. ಅಕ್ಕ ಜಗಳವಾಡಲಿಲ್ಲ. “ನಿಮ್ಮ ಹುಚ್ಚಿಗೆ ನೀವು ಎಷ್ಟು ಬೇಕಾದ್ರೂ ಖರ್ಚು ಮಾಡಿ. ಅಷ್ಟೇ ದುಡ್ಡು ನನ್ನ ಕೈಗೂ ಬರ್ಬೇಕು. ನಾನು ಏನ್ ಮಾಡ್ದೆ ಅಂತ ಕೇಳ್ಬಾರ್ದು” ಎಂದಳು. ಭಾವ ಸುಲಭದಲ್ಲಿ ಪಾರಾದೆ ಎಂದುಕೊಂಡು ಒಪ್ಪಿದರು. ಆ ಖುಷಿ ಮುಂದಿನ ಆಸೆ ಹುಟ್ಟುವವರೆಗೆ ಇತ್ತು.

ರೈಲುದಾರಿ ಬಿಟ್ಟಿಯಾಗಿ ಬೆಳೆಯಲು ಈ ಕಾನೂನೇ ಕಾರಣ. ಹಲ್ಲಿನ ಕ್ಲಿಪ್ಪಿಗೆ ಬಳಸಿ ಉಳಿದ ಉಕ್ಕಿನ ತಂತಿಯ ತುಂಡುಗಳು ಹಳಿಯಾದವು. ತುಂಡುಗಳು ಗೇಣಿಗಿಂತ ಉದ್ದ ಇರುತ್ತಿರಲಿಲ್ಲವಾದ್ದರಿಂದ ಹಳಿಗೆ ಕೀಲುಗಳು ಹೆಚ್ಚು, ಸದ್ದೂ ಹೆಚ್ಚು. ಮಿಕ್ಕ ಪ್ಲಾಸ್ಟರು ಬೆಟ್ಟವಾಯಿತು. ಪಾಲಿಶ್ ಬ್ರಶ್ಶಿನಿಂದ ಉದುರಿದ ಕೂದಲು ಹುಲ್ಲಾಯಿತು. ಬಣ್ಣ ಹೊಂದದೆ ವೈದ್ಯರು ತಿರುಗಿಸಿ ಕಳಿಸಿದ ಹಲ್ಲುಗಳು ದಾರಿಯ ಪಕ್ಕ ಮೈಲಿಗಲ್ಲುಗಳಾಗಿ ನಿಂತವು. ಸ್ಟೇಷನ್ನಿನ ಗೋಡೆ, ಮಾಡು, ಬೆಂಚು ಎಲ್ಲವೂ ಹಲ್ಲುಸೆಟ್ಟಿನ ಅಕ್ರಿಲಿಕ್ಕಿನವು, ಹಾಗಾಗಿ ಇಡೀ ಸ್ಟೇಷನ್ನು ಒಸಡಿನ ಬಣ್ಣದ್ದು. ಮೊದಲ ಸಲ ನೋಡಿದವರಿಗೆ ಏನೋ ಒಂಥರಾ ಆಗುತ್ತದೆ. ಆಮೇಲೆ ರೂಢಿಯಾಗುತ್ತದೆ.

ಹೊಸದೇನಾದರೂ ಎದ್ದಾಗಲೆಲ್ಲ ಅಕ್ಕ ಬಾಗಿಲಲ್ಲಿ ನಿಂತು ತಪಾಸಣೆ ಮಾಡುತ್ತಿದ್ದಳು.

“ಈ ಸುರಂಗಕ್ಕೆ ಎಷ್ಟಾಯ್ತು?”

“ಏನೂ ಇಲ್ಲ.”

“ಅಂಟು?”

“ಕೆಲಸದ್ದೇ.”

“ಮೇಲೆ ಬಣ್ಣ ಇದ್ಯಲ್ಲ?”

“ಅದೂ ಒಸಡಿಂದೇ.”

ಅಕ್ಕ ಖಾಲಿ ಕೈಯಲ್ಲಿ ಅಡುಗೆಮನೆಗೆ ಹೋಗುತ್ತಿದ್ದಳು. ಹೀಗೆ ಹನ್ನೆರಡು ವರ್ಷ ನಡೆಯಿತು. ಇಷ್ಟು ಮಿತವ್ಯಯದ ಗಂಡನನ್ನು ಕಟ್ಟಿಕೊಂಡು ಏನೂ ಗಿಟ್ಟಲಿಲ್ಲ ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು.

ಓಡಲು ಇದ್ದದ್ದು ಒಂದೇ ಎಂಜಿನ್ನು. ಗುಜರಿ ಅಂಗಡಿಯಿಂದ ತಂದ ತಿರುಪುಗಳ ಪೊಟ್ಟಣದಲ್ಲಿ ಅದಾಗಿಯೇ ಬಂದದ್ದು. ಯಾವುದೋ ಮಗುವಿನ ಆಟಿಕೆ, ತಯಾರಕರ ಹೆಸರು ಅಳಿಸಿಹೋಗಿತ್ತು. ಭಾವ ಅದಕ್ಕೆ ಹಳಿಯಿಂದ ಕರೆಂಟು ತೆಗೆದುಕೊಳ್ಳುವ ವ್ಯವಸ್ಥೆ ಮಾಡಿದರು. ದಾರಿ ಹಾಕಿದ್ದು ಅದನ್ನೇ ಮುಂದಿಟ್ಟುಕೊಂಡು. ಹಲ್ಲು ಕೂರಿಸುವಾಗ ಒಂದು ನೀಲಿ ಕಾಗದವನ್ನು ಕಚ್ಚಿಸುತ್ತಾರೆ, ಎಲ್ಲಿ ಹೆಚ್ಚು ತಾಗುತ್ತದೋ ಅಲ್ಲಿ ಗುರುತು ಬೀಳುತ್ತದೆ, ಅಷ್ಟನ್ನು ತೀಡುತ್ತಾರೆ. ಭಾವ ಪ್ರತಿ ಗೇಣು ಹಳಿಯ ಮೇಲೂ ಅದೇ ನೀಲಿ ಕಾಗದ ಇಟ್ಟು, ಎಂಜಿನ್ನನ್ನು ಅದರ ಮೇಲೆ ತಳ್ಳಿ, ಗುರುತು ನೋಡಿ, ಹಳಿಯನ್ನು ಅತ್ತಿತ್ತ ಸರಿಸಿ ಗಟ್ಟಿ ಮಾಡುತ್ತಿದ್ದರು. ಹನ್ನೆರಡು ವರ್ಷದಲ್ಲಿ ಆ ಎಂಜಿನ್ನು ಒಮ್ಮೆಯೂ ಹಳಿ ತಪ್ಪಲಿಲ್ಲ.

ಆಮೇಲೆ ಅದು ಸತ್ತಿತು. ಮೋಟಾರಿಗೆ ಭಾವ ಮತ್ತೆ ಮತ್ತೆ ತಂತಿ ಸುತ್ತಿದ್ದರು; ಈ ಸಲ ಒಳಗಿನ ಹಲ್ಲುಚಕ್ರವೇ ನುಣ್ಣಗಾಗಿತ್ತು. ಹಲ್ಲು ಕಟ್ಟುವವರಿಗೆ ಹಲ್ಲುಚಕ್ರ ಯಾವ ಲೆಕ್ಕ ಎಂದು ನಾವೆಲ್ಲ ಅಂದುಕೊಂಡೆವು. ಭಾವ ಅಕ್ರಿಲಿಕ್ಕಿನಲ್ಲಿ ಮಾಡಿದ ಚಕ್ರಗಳು ಒಂದು ಸುತ್ತು ಬರುವಷ್ಟರಲ್ಲಿ ಪುಡಿಯಾದವು. ರೈಲಿಲ್ಲದ ಹಳಿಯ ಮೇಲೆ ಪ್ಲಾಸ್ಟರಿನ ಧೂಳು ಕೂರತೊಡಗಿತು. ಭಾವ ಊಟದ ಹೊತ್ತಿನಲ್ಲಿ ಮಾತಾಡುವುದನ್ನು ಬಿಟ್ಟರು. ಮೊದಲೂ ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಅಕ್ಕನಿಗೆ ವ್ಯತ್ಯಾಸ ತಿಳಿಯಿತು.

“ಹೊಸದು ತಗೊಳ್ರಿ” ಎಂದಳು.

“ಹದಿನೆಂಟು ಸೆಟ್ಟು.”

“ಗೊತ್ತು. ತಗೊಳ್ಳಿ.”

ಭಾವ ರಜೆಯ ದಿನಗಳಲ್ಲೂ ತುರ್ತು ಕೆಲಸ ಹಿಡಿದರು. ದುಡ್ಡು ಕೂಡಿದ ಮೇಲೆ ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋದರು. ಅಂಗಡಿಯ ಯಜಮಾನರು ಗಾಜಿನ ಪೆಟ್ಟಿಗೆಯಿಂದ ನೀಲಿ ಬಣ್ಣದ ಎಂಜಿನ್ನನ್ನು ಎರಡೂ ಕೈಯಲ್ಲಿ ತೆಗೆದರು.

“ನಿಮ್ಮ ಹಳಿ ಯಾವ ಅಳತೆದು ಸಾರ್?”

“ಸರಿಯಾದ ಅಳತೆದು” ಎಂದರು ಭಾವ.

ಯಜಮಾನರು ಇನ್ನೂ ಏನೋ ಕೇಳಲು ಬಾಯಿ ತೆರೆದರು. ಭಾವ ಅವರ ಮೇಲಿನ ಸಾಲನ್ನು ನೋಡಿ, “ಇದು ನಮ್ಮದೇ ಕೆಲಸ” ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು. ವಾರದೊಳಗಾದರೆ, ಗೀರು ಬೀಳದೆ ಇದ್ದರೆ, ವಾಪಸು ತೆಗೆದುಕೊಂಡು ಪೂರ್ತಿ ದುಡ್ಡು ಕೊಡುವುದಾಗಿ ಯಜಮಾನರು ಹೇಳಿದರು. ಭಾವ ಅದನ್ನು ಅವಮಾನವೆಂಬಂತೆ ಕೇಳಿಸಿಕೊಂಡರು.

ಅದೇ ಸಂಜೆ ಒಂಬತ್ತು ಸೆಟ್ಟಿನ ದುಡ್ಡು ಅಕ್ಕನ ಕೈ ಸೇರಿತು. ಮರುದಿನ ಬೆಳಗ್ಗೆ ಅಕ್ಕ ಈಜು ಕಲಿಯುವ ತರಗತಿಗೆ ಹೆಸರು ಕೊಟ್ಟು ಬಂದಳು. ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ತಂತಿಬೇಲಿಯ ಹಿಂದೆ ಒಂದು ಈಜುಕೊಳ ಇದೆ. ಅವಳು ವರ್ಷಗಳಿಂದ ಅದರ ಪಕ್ಕದಲ್ಲೇ ಹಲ್ಲಿನ ಚೀಲ ಹಿಡಿದು ನಡೆದಿದ್ದಾಳೆ. ಅಲ್ಲಿ ನಿಂತು ನೋಡುತ್ತಿದ್ದಳೆಂಬುದು ಯಾರಿಗೂ ಗೊತ್ತಿರಲಿಲ್ಲ. ಕೇಳಬಾರದು ಎಂದು ಕಾನೂನೇ ಇದ್ದುದರಿಂದ ಭಾವ ಕೇಳಲಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಈಜುಡುಗೆ ಕಂಡಾಗ ಮಾತ್ರ, “ಇದು ಯಾರದು?” ಎಂದರು.

“ಇನ್ಯಾರದು, ಪಕ್ಕದ ಮನೆಯವ್ರದ್ದು ನಮ್ಮ ಹಗ್ಗಕ್ಕೆ ಬರುತ್ತಾ?”

ಈಗ ಎಂಜಿನ್ನಿನ ವಿಷಯ. ಅಂಗಡಿಯಿಂದ ಬಂದ ಸಂಜೆ ಭಾವ ಹಳಿಯ ಧೂಳು ಒರೆಸಿ, ಕೈ ತೊಳೆದು, ಎಂಜಿನ್ನನ್ನು ಸ್ಟೇಷನ್ನಿನ ಎದುರಿಗೆ ಇಟ್ಟರು. ಅದು ಎರಡು ಹಳಿಗಳ ನಡುವೆ ಕುಸಿದು ಕೂತಿತು. ಎತ್ತಿ ಇನ್ನೊಂದು ಕಡೆ ಇಟ್ಟರು. ಅಲ್ಲೂ ಕೂತಿತು. ಬೀರುವಿನ ಒಳಗೂ ಇಟ್ಟು ನೋಡಿದರು, ಅಲ್ಲೇನಾದರೂ ಬೇರೆ ಇರಬಹುದು ಎಂಬಂತೆ.

ನಾನು ಕಾಲೇಜಿನ ವರ್ನಿಯರ್ ತಂದು ಅಳೆದೆ. ಅಂಗಡಿಯ ಎಂಜಿನ್ನುಗಳಿಗೆ ಬೇಕಾದ ಹಳಿಯ ಅಗಲ ಹದಿನಾರೂವರೆ ಮಿಲಿಮೀಟರು. ಭಾವನ ಹಳಿ ಹದಿನೆಂಟಕ್ಕಿಂತ ಕೂದಲೆಳೆ ಹೆಚ್ಚು. ಕಿಟಕಿಯ ಹತ್ತಿರ, ಸಿಂಕಿನ ಹಿಂದೆ, ಸುರಂಗದೊಳಗೆ, ಎಲ್ಲಿ ಅಳೆದರೂ ಅಷ್ಟೇ. ಕೈಯಿಂದ ಮಾಡಿದ್ದು ಅಷ್ಟು ಒಂದೇ ಸಮ ಬಂದದ್ದನ್ನು ನಾನು ಪ್ರಯೋಗಾಲಯದಲ್ಲೂ ಕಂಡಿಲ್ಲ. ಅಳತೆಯಲ್ಲಿ ಒಂದಿಷ್ಟೂ ಏರುಪೇರಿರಲಿಲ್ಲ, ಅಳತೆ ತಪ್ಪಾಗಿತ್ತು ಅಷ್ಟೇ.

“ಭಾವ, ಇದಕ್ಕೆ ಎಲ್ಲ ಕಂಪನಿಯವ್ರೂ ಒಂದೇ ಅಳತೆ ಇಟ್ಕೊಂಡಿರ್ತಾರೆ. ನೀವು ಕೇಳಿರ್ಲಿಲ್ವಾ?”

“ಯಾವ ಎರಡು ಬಾಯಿ ಒಂದೇ ಅಳತೆ ಇರುತ್ತೆ?” ಎಂದರು ಭಾವ.

ಅವರ ಮಟ್ಟಿಗೆ ಅದು ಸರಿಯಾದ ಉತ್ತರ. ಇಡೀ ವೃತ್ತಿಜೀವನದಲ್ಲಿ ಅವರ ಮೇಜಿಗೆ ಎಲ್ಲರಿಗೂ ಒಪ್ಪುವ ಅಳತೆ ಎಂಬುದು ಬಂದೇ ಇರಲಿಲ್ಲ. ಬಂದ ಬಾಯಿಗೆ ಹಲ್ಲು ಕಟ್ಟುವವರು, ಬಂದ ಎಂಜಿನ್ನಿಗೆ ಕೋಣೆ ಸುತ್ತ ಹಳಿ ಕಟ್ಟಿದ್ದರು.

ಉಳಿದದ್ದು ಮೂರು ದಾರಿ. ಹಳಿ ಕಿತ್ತು ಮತ್ತೆ ಹಾಕುವುದು. ನೂರಾರು ತುಂಡುಗಳು, ಅಷ್ಟು ಆಯುಸ್ಸಿನ ಬಗ್ಗೆ ಭಾವನಿಗೆ ಖಾತ್ರಿ ಇರಲಿಲ್ಲ. ಎಂಜಿನ್ನನ್ನು ವಾಪಸು ಕೊಡುವುದು. ಇಲ್ಲವೇ ಅದರ ಗಾಲಿಗಳನ್ನು ಕಿತ್ತು ಅಗಲ ಮಾಡುವುದು. ಕೈ ಹಾಕಿದ ಮೇಲೆ ಅಂಗಡಿಯವರು ಮುಟ್ಟುವುದಿಲ್ಲ, ಕೆಟ್ಟರೆ ಒಂಬತ್ತು ಸೆಟ್ಟು ನೀರುಪಾಲು. ಭಾವ ಎಂಜಿನ್ನನ್ನು ಅದರ ಪೆಟ್ಟಿಗೆಯಲ್ಲೇ ಇಟ್ಟು ದವಡೆಗಳ ಸಾಲಿನಲ್ಲಿ ಸೇರಿಸಿದರು. ದಿನವೂ ಅದರ ಮುಂದೆ ಕೂತು ಬೇರೆಯವರ ಹಲ್ಲು ತೀಡಿದರು.

ವಾರ ಮುಗಿಯುವ ಹಿಂದಿನ ದಿನ ನಾನು ಹೋದಾಗ ಅಕ್ಕ ಈಜಿನಿಂದ ಬಂದು ಒದ್ದೆ ಕೂದಲಲ್ಲೇ ಹಲ್ಲುಗಳನ್ನು ಡಬ್ಬಿಗೆ ತುಂಬುತ್ತಿದ್ದಳು.

“ನಾಳೆ ವಾಪಸ್ ಕೊಟ್ಬಿಡ್ತೀನಿ” ಎಂದರು ಭಾವ. “ಪೂರ್ತಿ ದುಡ್ಡು ಬರುತ್ತೆ.”

“ನಂದು?”

“ನೀನೂ ಅವ್ರನ್ನ ಒಂದ್ಮಾತು ಕೇಳಿ ನೋಡು.”

“ಈಜುಕೊಳದವ್ರು ಏನ್ ವಾಪಸ್ ಕೊಡ್ತಾರ್ರೀ, ನೀರಾ?” ಅಕ್ಕ ಡಬ್ಬಿ ಮುಚ್ಚಿದಳು. “ನಾನು ಇನ್ನೂ ಕಂಬಿ ಹಿಡ್ಕೊಂಡೇ ಕಾಲು ಬಡೀತಿದೀನಿ. ನಾಳಿದ್ದು ಕೈ ಬಿಡಿಸ್ತಾರಂತೆ. ನಿಮ್ಮ ಎಂಜಿನ್ ವಾಪಸ್ ಹೋದ್ರೆ ನನ್ನ ಪಾಲಿಂದು ನಿಮಗೆ ನಾನು ಬಾಕಿ. ಬಾಕಿ ಇಟ್ಕೊಂಡು ನಾನು ನೀರಿಗಿಳಿಯಲ್ಲ.”

“ಬಾಕಿ ಯಾರು ಕೇಳಿದ್ರು?”

“ಕಾನೂನು ನಂದು. ನಾನೇ ಮುರಿಯೋಕಾಗುತ್ತಾ?”

ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದಳು.

“ಹಲ್ಲು ಕೂರ್ಲಿಲ್ಲ ಅಂತ ಯಾರಾದ್ರೂ ಬಂದ್ರೆ, ಬಾಯಿ ಬದಲಾಯಿಸ್ಕೊಂಡು ಬಾ ಅಂತೀರಾ?”

“ಇಲ್ಲ.”

“ಹಲ್ಲು ಅಂಗಡಿಗೆ ವಾಪಸ್ ಕಳಿಸ್ತೀರಾ?”

“ಇಲ್ಲ. ತೀಡಿ ಕೂರಿಸ್ತೀನಿ.”

“ಮತ್ತೆ?” ಎಂದು ಅಕ್ಕ ಮೆಟ್ಟಿಲಿಳಿದಳು.

ಭಾವ ಸ್ವಲ್ಪ ಹೊತ್ತು ಎಂಜಿನ್ನಿನ ಪೆಟ್ಟಿಗೆ ನೋಡಿದರು. ಆಮೇಲೆ ಅದನ್ನು ಇಳಿಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಎಂಜಿನ್ನನ್ನು ಬೆನ್ನ ಮೇಲೆ ಮಲಗಿಸಿದರು. ಹಲ್ಲು ತೀಡುವ ಯಂತ್ರದ ತುದಿಗೆ ಸಿಕ್ಕಿಸುವ ಪುಟ್ಟ ಉಕ್ಕಿನ ಕಡ್ಡಿಗಳು ಸವೆದ ಮೇಲೂ ಅವರು ಎಸೆಯುವವರಲ್ಲ. ಒಂದು ತವರದ ಡಬ್ಬಿ ತುಂಬ ಇದ್ದವು. ತಲೆ ಸವೆದಿದ್ದರೂ ಹಿಡಿಕೆ ನೂಲಿನಷ್ಟೂ ಬಾಗದ ದುಂಡನೆಯ ಉಕ್ಕು. ಅದರಿಂದ ಕತ್ತರಿಸಿ ಗಾಲಿಗಳನ್ನು ಜೋಡಿಸುವ ಹೊಸ ಅಚ್ಚುಗಳನ್ನು ಮಾಡಿದರು, ಹಳೆಯವಕ್ಕಿಂತ ಒಂದೂವರೆ ಮಿಲಿಮೀಟರು ಉದ್ದ. ಮೊದಲ ಗಾಲಿ ಕೀಳುವಾಗ ಸಣ್ಣ ಸದ್ದಾಯಿತು. “ಹೋಯ್ತು, ಇನ್ನು ಅಂಗಡಿಗೆ ಮುಖ ತೋರಿಸೋ ಹಾಗಿಲ್ಲ” ಎಂದರು. ಹಗುರಾದವರ ಧ್ವನಿಯಲ್ಲಿ ಹೇಳಿದರು.

ನಾಲ್ಕು ಜೊತೆ ಗಾಲಿಗೆ ಎರಡು ದಿನ ಹಿಡಿಯಿತು. ಮೂರನೇ ದಿನ ಅಕ್ಕ ಈಜಿನಿಂದ ಬಂದಾಗ ಭಾವ ಹಳಿಯ ಮೇಲೆ ನೀಲಿ ಕಾಗದ ಇಟ್ಟು ಕೊನೆಯ ಗುರುತು ನೋಡುತ್ತಿದ್ದರು. ಕಾಗದ ತೆಗೆದು ಕರೆಂಟು ಕೊಟ್ಟರು. ಎಂಜಿನ್ನು ಒಸಡಿನ ಬಣ್ಣದ ಸ್ಟೇಷನ್ನು ಬಿಟ್ಟು, ಹಲ್ಲಿನ ಮೈಲಿಗಲ್ಲುಗಳನ್ನು ದಾಟಿ, ಬೀರುವಿನೊಳಗೆ ಹೋಗಿ, ನಾವು ಮೂವರೂ ಕಾಯುತ್ತಿದ್ದ ಹಾಗೆ ಸಿಂಕಿನ ಹಿಂದೆ ಕಾಣಿಸಿಕೊಂಡಿತು.

“ಇನ್ನು ಇದು ಪ್ರಪಂಚದಲ್ಲಿ ಬೇರೆ ಯಾವ ಹಳಿ ಮೇಲೂ ಓಡಲ್ಲ” ಎಂದೆ.

“ಎಲ್ಲಿಗೆ ಹೋಗ್ಬೇಕು ಅದು?” ಎಂದರು ಭಾವ.

ಅಕ್ಕ ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತಾ ಇನ್ನೊಂದು ಸುತ್ತು ನೋಡಿದಳು.

“ಕೈ ಬಿಡಿಸಿದ್ರಾ?” ಎಂದು ಭಾವ ಹಳಿಯ ಮೇಲಿನ ಕಣ್ಣು ತೆಗೆಯದೆ ಕೇಳಿದರು. ಆ ದುಡ್ಡಿನ ಬಗ್ಗೆ ಅವರು ನೇರವಾಗಿ ಕೇಳಿದ ಒಂದೇ ಪ್ರಶ್ನೆ ಅದು.

“ಬಿಡಿಸಿದ್ರು. ಮುಳುಗ್ದೆ. ಆಮೇಲೆ ತೇಲ್ದೆ.” ಅಕ್ಕ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡಳು. “ಒಂಟಿ ಎಂಜಿನ್ನು ಬೋಳುಬೋಳಾಗಿ ಕಾಣುತ್ತೆ. ಬೋಗಿ ಯಾವಾಗ ತರ್ತೀರಿ?”

“ತರೋದೇನು, ಅಕ್ರಿಲಿಕ್ ಮಿಕ್ಕಿದೆ. ಬಿಟ್ಟಿಯಾಗಿ ನಾನೇ ಮಾಡ್ತೀನಿ.”

“ಅದೆಲ್ಲ ಬೇಡ” ಎಂದಳು ಅಕ್ಕ. “ಅಂಗಡಿದೇ ತನ್ನಿ. ಎರಡನೇ ಹಂತದ ತರಗತಿ ಮುಂದಿನ ತಿಂಗಳು ಶುರುವಾಗುತ್ತೆ.”