ಕ್ಲೋರೋಫಾರ್ಮಿನಲ್ಲಿ ಮೆತ್ತಗಾದ ಕಣ್ಣು

ನನ್ನ ಪುಟ್ಟ ತಂಗಿಯ ಬಲಗಣ್ಣು ಎಡಗಣ್ಣಿಗಿಂತ ದೊಡ್ಡದಿತ್ತು. ಅಂಕೋಲೆಯ ನಮ್ಮ ನೆಂಟರಿಗೆ ಅದು ಲಕ್ಷ್ಮೀಕಳೆ. ಬಿಸಿಲಿಗೆ ಅವಳು ಮುಖ ಮುಚ್ಚಿಕೊಂಡು ಅಳುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ. ಉಪ್ಪಿನ ಸತ್ಯಾಗ್ರಹದ ಮರುವರ್ಷ, ಮಾವಿನ ಕಾಲದಲ್ಲಿ, ಕಾರವಾರದ ಡಾಕ್ಟರು ನೋಡಿ, ಕಣ್ಣೊಳಗೆ ನೀರು ಒತ್ತಿ ಗುಡ್ಡೆ ಗಟ್ಟಿಯಾಗುತ್ತಿದೆ, ಬಿಟ್ಟರೆ ದೃಷ್ಟಿ ಹೋಗುತ್ತದೆ, ಕೊಯ್ಯಬೇಕಾದೀತು ಎಂದರು. ಅಲ್ಲಿಂದ ನೆಂಟರೆಲ್ಲ ಪರೀಕ್ಷಕರಾದರು. ಸೋಮವಾರ ಒಂದೇ ದಿನ ಅವಳ ರೆಪ್ಪೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದವರು ಹದಿನಾಲ್ಕು ಮಂದಿ. ನನ್ನ ದಿನಚರಿಯಲ್ಲಿ ತಲೆಗೊಂದರಂತೆ ಗೀಟು ಹಾಕಿದ್ದೇನೆ. ಐದು ಸಲ ಒತ್ತಿದವನು ದೊಡ್ಡಪ್ಪ. ಅವನು ಮಾವಿನ ದಲಾಲಿ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವನದೇ ಮಾತು.

"ಇಶಾಡು ಮಾವಿನಹಣ್ಣು ಒತ್ತಿ ಒತ್ತಿ ಬೆರಳು ಸವೆದದೆ ನಂದು. ನಂಗೆ ಕಲಿಸ್ತಾರೋ?" ಎಂದ.

ಗುರುವಾರ ಅವ್ವಿ, ದೊಡ್ಡಪ್ಪ, ನಾನು ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಕಣ್ಣು ಮುಟ್ಟುತ್ತಲೇ ಅವಳು ಚೀರಿದಳು.

"ಅತ್ತರೆ ಒಳ್ಳೆ ಕಣ್ಣೂ ಗಟ್ಟಿಯಾಗುತ್ತೆ. ನಿದ್ದೆ ಬರಿಸಿಯೇ ನೋಡಬೇಕು" ಎಂದು ಒಳಗೆ ಕರೆದೊಯ್ದರು. ಕ್ಲೋರೋಫಾರ್ಮಿನ ಸಿಹಿ ವಾಸನೆ ಬಾಗಿಲಾಚೆಗೂ ಬಂತು. ಸ್ವಲ್ಪ ಹೊತ್ತಿಗೆ ಅವರು ಹೊರಬಂದು, "ಈಗ ಎರಡೂ ಕಣ್ಣು ಮೆತ್ತಗಾಗಿವೆ, ಆದರೂ..." ಎಂದರು.

ದೊಡ್ಡಪ್ಪನಿಗೆ ಅಷ್ಟೇ ಸಾಕಾಯಿತು.

"ಮೆತ್ತಗಾಯ್ತಲ್ರಾ! ವಾಸನೆಗೇ ಗುಣ ಆಯ್ತು. ಇನ್ನೆಂತಕೆ ಕೊಯ್ಯೂದು? ಹುಡ್ಗಿನ್ನ ಕೊಡಿ, ಮೂರು ಗಂಟೆ ಮೋಟಾರು ಬಸ್ಸು ಸಿಕ್ತದೆ."

"ಅಮಲಿನಲ್ಲಿ ಯಾರ ಕಣ್ಣಾದರೂ ಮೆತ್ತಗಾಗುತ್ತೆ, ಯಜಮಾನರೇ. ನಿಮ್ಮದೂ ಆಗುತ್ತೆ. ಎಚ್ಚರವಾದರೆ ಮತ್ತೆ ಗಟ್ಟಿ. ಆದರೆ ಇಷ್ಟು ಅಮಲಿನಲ್ಲೂ ಬಲಗಣ್ಣು ಎಡಗಣ್ಣಿನಷ್ಟು ಇಳಿದಿಲ್ಲ. ರೋಗ ಇರೋದು ಅಲ್ಲಿ. ಕೊಯ್ಯಲೋ ಬೇಡವೋ ಬೇಗ ಹೇಳಿ, ಮಗುವನ್ನ ಹೀಗೆ ಬಹಳ ಹೊತ್ತು ಮಲಗಿಸಲಾಗದು."

ದೊಡ್ಡಪ್ಪ ಸಂತೆಯಲ್ಲಿ ಚೌಕಾಸಿಗೆ ನಿಂತವನ ಹಾಗೆ ಸೊಂಟಕ್ಕೆ ಕೈಯಿಟ್ಟು, "ವಿಚಾರ ಮಾಡಿ ನಾಳೆ ಹೇಳ್ತೆ" ಎಂದ.

ಅವ್ವಿ ಅವನೆದುರು ಬಾಯಿ ತೆರೆದದ್ದು ನನ್ನ ದಿನಚರಿಯಲ್ಲಿ ಅದುವರೆಗೆ ಒಮ್ಮೆಯೂ ಇಲ್ಲ. ಈಗ ಎದ್ದು ನಿಂತಳು.

"ಭಾವಾ, ಬದಿಗೆ ಸರೀರಿ. ಡಾಕ್ಟ್ರೇ, ನಾ ಅದರ ಅವ್ವಿ. ಕೊಯ್ರಿ."

ಕಣ್ಣಿನ ಅಂಚಿನಲ್ಲಿ ಸಣ್ಣ ರಂಧ್ರ ಕೊರೆದು ಒಳಗಿನ ನೀರಿಗೆ ದಾರಿ ಮಾಡಿದರಂತೆ. ಹತ್ತನೆಯ ದಿನ ಪಟ್ಟಿ ಬಿಚ್ಚಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಎದುರಿಗೆ ಯಾರಿದ್ದಾರೆ ಎಂದು ಕೇಳಿದರು. ತಂಗಿ ಬಹಳ ಹೊತ್ತು ನೋಡಿದಳು.

"ದೊಡ್ಡಪ್ಪ. ಮೀಸೆ ಒಂದ್ ಬದಿ ಗಿಡ್ಡ."

ದೊಡ್ಡಪ್ಪ ಮೀಸೆ ಸವರಿಕೊಂಡು ಪಕ್ಕದ ಮಂಚದವನ ಕಡೆ ತಿರುಗಿದ: "ಕಂಡ್ಯಾ? ಎಲ್ಲ ಆ ವಾಸನೆ ಗುಣ. ಕೊಯ್ದದ್ದು ಸುಮ್ನೆ."

ಅದನ್ನೂ ತಾರೀಖು ಹಾಕಿ ಬರೆದಿಟ್ಟಿದ್ದೇನೆ.