ಸಿರಿಲ್ ಹ್ಯಾಡೋ ಕಟ್ಟಿದ ಹೆಂಗಸರ ಗ್ರಹ

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ ಗಂಡಸರು ಇರುತ್ತಿರಲಿಲ್ಲ. ಇಪ್ಪತ್ತೊಂದು ದಿನ ಐಸ್‌ಲ್ಯಾಂಡ್ ಕಡೆ ಮೀನಿಗೆ ಹೋಗುತ್ತಿದ್ದರು. ಮೂರು ದಿನಕ್ಕೆಂದು ಬಂದು, ಕುಡಿದು, ಮಲಗಿ, ಮತ್ತೆ ಹಡಗು ಹತ್ತುತ್ತಿದ್ದರು. ಉಳಿದಂತೆ ಬೀದಿ ಹೆಂಗಸರದ್ದೇ. ಕಲ್ಲಿದ್ದಲು ಹೊರುವವರು, ಮುರಿದ ಬಾಗಿಲು ಕೂರಿಸುವವರು, ಹೆರಿಗೆ ಮಾಡಿಸುವವರು, ಹೆಣ ತೊಳೆಯುವವರು ಎಲ್ಲ ಅವರೇ. ಅಡುಗೆಮನೆ ಗೋಡೆಗೆ ಕೊಕ್ಕೆ ಹೊಡೆದು, ಡಾಂಬರು ಬಳಿದ ಹುರಿಯಲ್ಲಿ ಆ ಗಂಡಸರ ಮೀನಿನ ಬಲೆ ಹೆಣೆಯುತ್ತಿದ್ದವರೂ ಅವರೇ.

ವರ್ಷವಿಡೀ ಆ ಬೀದಿಯಲ್ಲಿದ್ದ ಗಂಡಸು ಒಬ್ಬನೇ, ಹಾಗೆ ಬಲೆ ಹೆಣೆಯುತ್ತಿದ್ದ ವಿನ್ನಿಯ ಗಂಡ ಸಿರಿಲ್ ಹ್ಯಾಡೋ. ಎದೆ ಸರಿಯಿಲ್ಲ ಅಂತ ಹಡಗಿನವರು ತೆಗೆದುಕೊಳ್ಳಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ. ಸಂಜೆ ಕೂತು ಕಥೆ ಬರೆಯುತ್ತಿದ್ದ. ಏನು ಕಥೆ ಅಂದರೆ, ಸೆಲಿಂಡ್ರಾ ಅಂತ ಒಂದು ಗ್ರಹ. ಅಲ್ಲಿರುವುದು ಬರೀ ಹೆಂಗಸರು. ಗಂಡು ಅನ್ನುವ ಜಾತಿಯೇ ಅಲ್ಲಿ ಹುಟ್ಟಿಲ್ಲ.

ಆ ಹೆಂಗಸರೋ! ಆರಡಿ ಎತ್ತರ, ಬೆಳ್ಳಿ ಬಣ್ಣದ ಬಿಗಿ ಬಟ್ಟೆ. ಬೆವರಿಲ್ಲ, ಸೊಂಟನೋವಿಲ್ಲ. ಹನ್ನೊಂದು ವರ್ಷ ಬರೆದ ಕಥೆಯಲ್ಲಿ ಒಬ್ಬಳೂ ಒಂದು ತಟ್ಟೆ ತೊಳೆದಿಲ್ಲ. ಬಂಡೆಯ ಮೇಲೆ ನಿಂತು ಮೂರು ಚಂದ್ರರನ್ನು ನೋಡುತ್ತಾರೆ, ಭಾಷಣ ಮಾಡುತ್ತಾರೆ, ಮತ್ತೆ ಚಂದ್ರರನ್ನು ನೋಡುತ್ತಾರೆ. ಕಿಟಕಿಯಾಚೆ ನಲವತ್ತು ಮನೆಯ ಹೆಂಗಸರು ಗಂಡಸರಿಲ್ಲದೆ ಬದುಕುತ್ತಿದ್ದರು. ಇವನು ಪರದೆ ಎಳೆದುಕೊಂಡು ಕೂತು ಬರೆಯುತ್ತಿದ್ದ.

ಗುರುವಾರ ಗುರುವಾರ ಅವನ ಥರದವರೇ ಐದು ಜನ, ಡೆಸ್ಮಂಡ್ ಪೈಲ್ ಮತ್ತು ಇನ್ನು ನಾಲ್ವರು, ಮುಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಬೇರೆ ಗ್ರಹಗಳ ಕಥೆಗೆ ಅಂತಲೇ ಒಂದು ಸಂಘ, ಅದಕ್ಕೊಂದು ಪತ್ರಿಕೆ. ಸೆಲಿಂಡ್ರಾ ಬರುತ್ತಿದ್ದದ್ದು ಅದರಲ್ಲೇ. ಮೇಣದ ಹಾಳೆಯ ಮೇಲೆ ಎರಡು ಬೆರಳಲ್ಲಿ ಟೈಪು ಕುಟ್ಟುವವಳು ವಿನ್ನಿ. ಆ ಹಾಳೆಯಿಂದ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸುವವಳು ವಿನ್ನಿ. ಅರವತ್ತು ಓದುಗರ ವಿಳಾಸ ಬರೆದು ಅಂಚೆಗೆ ಹಾಕುವವಳೂ ವಿನ್ನಿ. ಯಂತ್ರ ಬಂದದ್ದೂ ಅವಳು ಬಲೆ ಹೆಣೆದ ದುಡ್ಡಿನಲ್ಲಿ.

ಒಂದು ಸಲ ಏಳು ವಾರ ಒಂದೇ ಚರ್ಚೆ. ಗಂಡಿಲ್ಲದ ಗ್ರಹದಲ್ಲಿ ಮಗು ಹುಟ್ಟುವುದು ಹೇಗೆ? ಮೊಟ್ಟೆಯಿಂದ ಅಂದ ಒಬ್ಬ. ಸ್ಫಟಿಕದಿಂದ ಅಂದ ಇನ್ನೊಬ್ಬ. ಚಹಾ ತಂದಿಡುತ್ತಿದ್ದ ವಿನ್ನಿ ಅದೇ ಮನೆಯ ಮಹಡಿಯಲ್ಲಿ ಎರಡು ಹೆಣ್ಣು ಹೆತ್ತಿದ್ದಳು. ಎರಡನೆಯದಕ್ಕೆ ಎರಡು ಹಗಲು ಪೂರ್ತಿ ನೋವು ತಿಂದಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಎಂಟನೇ ವಾರ ಕೈಯೆತ್ತಿ ಮತ ಹಾಕಿ ತೀರ್ಮಾನಿಸಿದರು. ಹೂವಿನಿಂದ. ನೀಲಿ ಹೂವು.

“ಹೂವಂತೆ ಕಣೇ,” ಅಂದಳು ವಿನ್ನಿ ಪಕ್ಕದ ಮನೆಯ ಕ್ವೀನಿಗೆ.

“ಮುಳ್ಳಿರೋ ಹೂವಾ? ನಂದು ನಾಲ್ಕೂ ಮುಳ್ಳಿನ ಸಮೇತ ಬಂದ್ವು.”

೧೯೫೮ರ ಫೆಬ್ರವರಿಯಲ್ಲಿ ಸಿರಿಲ್‌ನ ಎದೆ ಕೈಕೊಟ್ಟಿತು. ಕೊನೆಯ ಸಂಜೆ ವಿನ್ನಿಯ ಮಣಿಕಟ್ಟು ಹಿಡಿದುಕೊಂಡ. ಹೇಳಿದ್ದು ಮಕ್ಕಳ ವಿಷಯವಲ್ಲ, ಮನೆಯ ವಿಷಯವಲ್ಲ.

“ವಿನ್, ಸೆಲಿಂಡ್ರಾದಲ್ಲಿ ಯಾವ ಗಂಡಸೂ ಇಳೀಬಾರ್ದು. ನಾನು ಹೋದ್ಮೇಲೆ ಡೆಸ್ಮಂಡ್ ಇಳಿಸ್ತಾನೆ. ನೀನು ಬಿಡ್ಬೇಡ. ಬಿಡಲ್ಲ ಅನ್ನು.”

“ಬಾಯ್ಮುಚ್ಕೊಂಡು ಸೂಪ್ ಕುಡಿ.”

ಕುಡಿದ. ಬೆಳಿಗ್ಗೆ ಚಹಾ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಇಲ್ಲದ ಗ್ರಹಕ್ಕೆ ಕಾವಲು ಕೇಳಿದ ಪೆದ್ದ. ಆದರೂ ಬಲೆಯ ಒಂದೊಂದು ಗಂಟಿಗೂ ವಿನ್ನಿಗೆ ಅದೇ ಚುಚ್ಚುತ್ತಿತ್ತು. ಬಿಡಲ್ಲ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಆರು ವಾರ ಕಳೆದು ಒಂದು ಮಧ್ಯಾಹ್ನ ಡೆಸ್ಮಂಡ್ ಪೈಲ್ ಬಂದ. ಬ್ಯಾಂಕಿನ ಗುಮಾಸ್ತ, ಸಂಘದ ಕಾರ್ಯದರ್ಶಿ. ಕೈಯಲ್ಲಿ ಟೋಪಿ, ಕಂಕುಳಲ್ಲಿ ಕಾಗದದ ಕಟ್ಟು. ವಿನ್ನಿಯ ಜೊತೆ ಕ್ವೀನಿಯೂ ಅಡುಗೆಮನೆಯಲ್ಲಿ ಬಲೆ ಹೆಣೆಯುತ್ತಿದ್ದಳು.

“ಮಿಸೆಸ್ ಹ್ಯಾಡೋ, ಸಿರಿಲ್ ನೆನಪಿಗೆ ಅಂತ ಸೆಲಿಂಡ್ರಾದ ಕೊನೇ ಅಧ್ಯಾಯ ನಾವೇ ಬರ್ದಿದೀವಿ. ಈಸ್ಟರ್ ಸಮ್ಮೇಳನಕ್ಕೆ ಬೇಕು. ಶನಿವಾರದೊಳಗೆ ನೀವು ಟೈಪ್ ಮಾಡಿಕೊಟ್ರೆ...”

“ಏನಾಗತ್ತೆ ಅದ್ರಲ್ಲಿ?”

“ಒಂದು ರಾಕೆಟ್ಟು ಬಂದಿಳಿಯತ್ತೆ. ಹನ್ನೊಂದು ಜನ ಗಂಡಸ್ರು.” ಅವನ ಕಿವಿ ಕೆಂಪಾಯಿತು. “ಇಷ್ಟು ಸಾವಿರ ವರ್ಷ ತಮಗೆ ಏನು ಕೊರತೆ ಇತ್ತು ಅಂತ ಆ ಹೆಂಗಸ್ರಿಗೆ ಆಗ ಗೊತ್ತಾಗತ್ತೆ.”

ಕ್ವೀನಿ ಮರದ ಸೂಜಿ ಕೆಳಗಿಟ್ಟಳು. “ನಮ್ಮೋನು ಮಂಗಳವಾರ ಇಳ್ದ ಕಣಪ್ಪಾ. ಆವತ್ತಿಂದ ನಂಗೆ ಕೊರತೆ ಆಗಿರೋದು ನಿದ್ದೆ.”

“ಇದು ಸಾಹಿತ್ಯ, ಮೇಡಂ.”

“ಓಹೋ. ಹಂಗಾದ್ರೆ ಗೊರಕೆ ಇರಲ್ಲ ಬಿಡು.”

ವಿನ್ನಿ ನಗಲಿಲ್ಲ. “ಸಿರಿಲ್ ಬೇಡ ಅಂದಿದ್ದ.”

“ಹುಷಾರಿಲ್ದಾಗ ಏನೋ ಅಂದಿರ್ತಾರೆ. ನೀವೇ ಅದನ್ನ ಕಸ ಅಂತಿದ್ರಲ್ಲ, ನಮ್ಮೆಲ್ಲರ ಮುಂದೆ?”

“ಈಗ್ಲೂ ಕಸಾನೇ. ಆದ್ರೆ ನನ್ನ ಗಂಡನ ಕಸ. ನಿನ್ನ ಹನ್ನೊಂದು ಜನ ಅದನ್ನ ತುಳಿಯೋದು ಬೇಡ. ನಾನು ಟೈಪ್ ಮಾಡಲ್ಲ.”

ಡೆಸ್ಮಂಡ್ ಟೋಪಿ ಹಾಕಿಕೊಂಡ. “ಹಲ್ ಅನ್ನೋ ಊರಲ್ಲಿ ನಮ್ಮ ಸ್ನೇಹಿತರ ಹತ್ರನೂ ಯಂತ್ರ ಇದೆ. ಮುಂದಿನ ವಾರ ಅಲ್ಲೇ ತೆಗೆಸ್ತೀವಿ. ತಡೆಯೋಕೆ ನಿಮ್ಮಿಂದಾಗಲ್ಲ.”

ಅದು ನಿಜ. ಆದರೆ ಅವನ ಅಚ್ಚು ಮುಂದಿನ ವಾರ. ಓದುಗರ ವಿಳಾಸಗಳು ಇದ್ದದ್ದು ವಿನ್ನಿಯ ಮೇಜಿನ ಖಾನೆಯಲ್ಲಿ. ಸೆಲಿಂಡ್ರಾದ ಮೂರು ಚಂದ್ರರ ಹೆಸರು ಬಲ್ಲ ಆ ಐವರಿಗೂ ತಮ್ಮ ಓದುಗರು ಯಾವ ಊರಿನವರು ಅಂತ ಗೊತ್ತಿರಲಿಲ್ಲ.

ಅವನು ಹೋದ ಮೇಲೆ ವಿನ್ನಿ ಕೈಯ ಡಾಂಬರು ಉಜ್ಜಿ ತೊಳೆದು, ಮೇಣದ ಹಾಳೆ ಸೇರಿಸಿ, ಟೈಪಿಗೆ ಕೂತಳು. ಕ್ವೀನಿ ಅವಳ ಭುಜದ ಮೇಲಿಂದ ಬಗ್ಗಿ ಗಟ್ಟಿಯಾಗಿ ಓದಿದಳು.

“ಸೆಲಿಂಡ್ರಾದ ಕಥೆ ಮುಗಿಯಿತು. ಬರೆದ ಸಿರಿಲ್ ಹ್ಯಾಡೋ ಫೆಬ್ರವರಿ ಒಂಬತ್ತಕ್ಕೆ ತೀರಿಕೊಂಡ. ಅಲ್ಲಿ ಯಾವ ಗಂಡಸೂ ಇಳಿಯಲಿಲ್ಲ. ಇಳಿದರು ಅಂತ ಯಾರಾದರೂ ಬರೆದರೆ ಅದು ಸಿರಿಲ್‌ನದಲ್ಲ. ಕಥೆ ಅಷ್ಟೇನೂ ಚೆನ್ನಾಗಿರಲಿಲ್ಲ.”

“ಕೊನೇ ಸಾಲು ಬೇಕೇನೇ?”

“ಸುಳ್ಳಾ?”

“ಸುಳ್ಳಲ್ಲ. ಆದ್ರೂ ಸತ್ತೋನು.”

“ಬದುಕಿದ್ದಾಗ್ಲೂ ಇದನ್ನೇ ಹೇಳ್ತಿದ್ದೆ. ಈಗ ಹೊಗಳಿದ್ರೆ ಇವಳ್ಯಾರೋ ಬೇರೆಯವಳು ಅಂದ್ಕೋತಾನೆ.”

ಅಷ್ಟು ಹೇಳಿ ಮೂಗೊರೆಸಿಕೊಂಡು ಹಿಡಿ ತಿರುಗಿಸತೊಡಗಿದಳು. ಅರವತ್ತು ಹಾಳೆ ಬಿದ್ದವು. ಕ್ವೀನಿ ಮಡಚಿದಳು, ವಿನ್ನಿ ವಿಳಾಸ ಬರೆದಳು. ಸಂಜೆಯ ಅಂಚೆ ಹೋಗುವ ಮೊದಲು ಇಬ್ಬರೂ ಬೀದಿಯ ತುದಿಗೆ ನಡೆದು ಕೆಂಪು ಡಬ್ಬಿಗೆ ಅಷ್ಟನ್ನೂ ತುರುಕಿದರು. ಅರವತ್ತರಲ್ಲಿ ಒಂದು ಡೆಸ್ಮಂಡ್ ಪೈಲ್‌ನ ಹೆಸರಿಗಿತ್ತು. ಅದಕ್ಕೂ ಅಂಚೆಚೀಟಿ ಹಚ್ಚಿದ್ದಳು.